ನಿಂತಿದ್ದ ಲಾರಿ

ನಮ್ಮ ರಾಯಚೂರಿನ ಕಡೆ ರಸ್ತೆಯ ಮೇಲೆ ಎರಡು ಗಾಡಿ ಗುದ್ದಿಕೊಂಡರೆ ತಪ್ಪು ಯಾರದೆಂದು ತೂಗಲು ತಕ್ಕಡಿ ಬೇಕಿಲ್ಲ, ಟೈರ್ ಎಣಿಸಿದರೆ ಸಾಕು. ಸೈಕಲ್ಲಿಗೂ ಬೈಕಿಗೂ ಆದರೆ ಬೈಕಿನವನದು. ಬೈಕಿಗೂ ಕಾರಿಗೂ ಆದರೆ ಕಾರಿನವನದು. ಕಾರಿಗೂ ಲಾರಿಗೂ ಆದರೆ ಕೇಳುವುದೇ ಬೇಡ, ಚಹಾದಂಗಡಿಯಲ್ಲಿ ಕಪ್ಪು ಕೆಳಗಿಡುವಷ್ಟರಲ್ಲಿ ತೀರ್ಪು ಬಂದುಬಿಟ್ಟಿರುತ್ತದೆ. ನನ್ನ ಅಪ್ಪ ಓಡಿಸುತ್ತಿದ್ದದ್ದು ಹತ್ತು ಟೈರಿನ ಲಾರಿ. ಹಾಗಾಗಿ ಅವನ ಕತೆ ಯಾರೂ ಪೂರ್ತಿ ಕೇಳಲಿಲ್ಲ. ಕೇಳದವರಿಗಾಗಿಯೇ ಬರೆಯುತ್ತಿದ್ದೇನೆ, ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಅಪ್ಪನ ಗಾಡಿ ಸುಗ್ಗಿಯಲ್ಲಿ ಭತ್ತ ಹೊರುತ್ತಿತ್ತು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಂಥ ಹೊಳೆದಂಡೆಯ ಊರುಗಳಿಂದ ತುಂಬಿಕೊಂಡು ರಾಯಚೂರಿನ ಮಿಲ್ಲುಗಳಿಗೆ ಇಳಿಸುವುದು ಅವನ ಕೆಲಸ. ಲಾರಿ ಮಾನ್ವಿಯ ಒಬ್ಬ ದಲಾಲಿ ಸಾವ್ಕಾರನದು, ಅದರ ಮೇಲಿನ ಅಭಿಮಾನ ಮಾತ್ರ ಅಪ್ಪನದು. ಚಪ್ಪಲಿ ಹಾಕಿಕೊಂಡು ಅವನೆಂದೂ ಕ್ಯಾಬಿನ್ ಹತ್ತಿದವನಲ್ಲ. ಕೆಳಗೆ ಬಿಟ್ಟು, ಒಂದಕ್ಕೊಂದು ಬಡಿದು ಧೂಳು ಉದುರಿಸಿ, ಸೀಟಿನ ಕೆಳಗೆ ತುರುಕಿ, ಬರಿಗಾಲಲ್ಲಿ ಕೂರುತ್ತಿದ್ದ. "ಅನ್ನ ಹೊರೋ ಗಾಡಿ ಇದು," ಎನ್ನುತ್ತಿದ್ದ. ನಾನು ನಗುತ್ತಿದ್ದೆ. ಅಷ್ಟು ವರ್ಷದಲ್ಲಿ ಒಂದು ಮೇಕೆಯನ್ನೂ ತಾಗಿಸಿರಲಿಲ್ಲ ಅವನು, ಮತ್ತು ಅದನ್ನು ವಾರಕ್ಕೊಮ್ಮೆಯಾದರೂ ಹೇಳದೆ ಬಿಡುತ್ತಿರಲಿಲ್ಲ.

ಆಗ ನಾನು ಮಾನ್ವಿಯ ಒಂದು ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಮನೆ ರಾಯಚೂರಿನಲ್ಲಿ, ದಿನಾ ಬಸ್ಸು. ಶನಿವಾರ ಮಾತ್ರ ಅರ್ಧ ದಿನದ ಶಾಲೆ ಬಿಡುವ ಹೊತ್ತಿಗೆ ಅಪ್ಪನ ಲಾರಿ ತಿರುವಿನಲ್ಲಿ ನಿಂತು ಉದ್ದಕ್ಕೆ ಹಾರ್ನ್ ಹೊಡೆಯುತ್ತಿತ್ತು. "ಟೀಚರ್, ನಿಮ್ ಲಾರಿ ಬಂತ್ರಿ," ಎಂದು ಮಕ್ಕಳು ಕೇಕೆ ಹಾಕುತ್ತಿದ್ದರು. ಸರಕಿನ ಗಾಡಿಯಲ್ಲಿ ಮಂದಿಯನ್ನು ಕೂರಿಸಬಾರದೆಂಬ ಕಾನೂನು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಆದರೆ ಅಪ್ಪನ ಪಕ್ಕ ಮಗಳು ಕೂತರೆ ಅದಕ್ಕೂ ಕಾನೂನು ಅಡ್ಡ ಬರುತ್ತದೆ ಎಂದು ಇಡೀ ಜಿಲ್ಲೆಯಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಸೀರೆ ಎತ್ತಿಕೊಂಡು ಹತ್ತಿ ಕೂರುತ್ತಿದ್ದೆ. ಬಸ್ಸಿನಲ್ಲಿ ಜೋತು ಬೀಳುವವರನ್ನು ಮೇಲಿನಿಂದ ನೋಡುತ್ತಾ ರಾಣಿಯ ಹಾಗೆ ರಾಯಚೂರು ಸೇರುತ್ತಿದ್ದೆ.

ಅವತ್ತೂ ಶನಿವಾರವೇ. ಕ್ಲೀನರ್ ಮದುವೆಗೆಂದು ರಜೆ ಹಾಕಿದ್ದರಿಂದ ಕ್ಯಾಬಿನ್ನಿನಲ್ಲಿ ನಾವಿಬ್ಬರೇ. ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆಯ ಡಾಂಬರು ಅರ್ಧ ಗಾಡಿಗಳಿಗೆ, ಅರ್ಧ ಭತ್ತಕ್ಕೆ. ಹಸಿ ಭತ್ತವನ್ನು ರಸ್ತೆಯ ಅಂಚಿಗೆ ಹರವಿ, ಸುತ್ತ ಕಲ್ಲು ಇಟ್ಟು, ಹೆಂಗಸರು ಕಾಲಿನಿಂದ ಗೆರೆ ಎಳೆಯುತ್ತಾ ಒಣಗಿಸುತ್ತಾರೆ. ಅದೂ ಕಾನೂನಿಗೆ ವಿರುದ್ಧವೇ. ಕಾಲುವೆಯ ಸೇತುವೆ ದಾಟಿದರೆ ಒಂದು ತಿರುವು. ತಿರುವಿನಾಚೆ ನಮ್ಮ ಎಡಕ್ಕೆ ಹಾಗೆ ಭತ್ತ ಹರವಿತ್ತು, ಮೂರು ನಾಲ್ಕು ಹೆಂಗಸರು ಅದರ ಪಕ್ಕ ಕೂತು ಬುತ್ತಿ ಬಿಚ್ಚಿದ್ದರು. ಎದುರಿನಿಂದ ಒಂದು ಬಸ್ಸು ಬರುತ್ತಿತ್ತು. ಆ ಬಸ್ಸಿನ ಬೆನ್ನ ಹಿಂದಿನಿಂದ ಒಂದು ಬಿಳಿ ಕಾರು ಸರಕ್ಕನೆ ಹೊರಬಿದ್ದು ನಮ್ಮ ದಾರಿಗೆ ಬಂತು.

"ಅರೆ, ಇವಾ ಎಲ್ಲಿ ಬರಾಕತ್ತಾನ!" ಎಂದ ಅಪ್ಪ.

ಲೈಟು ಹಾಕಿದ, ಹಾರ್ನ್ ಒತ್ತಿದ, ಬ್ರೇಕಿನ ಮೇಲೆ ಎದ್ದೇ ನಿಂತ. ಎಡಗಾಲಿಗಳು ಡಾಂಬರು ಬಿಟ್ಟು ಮಣ್ಣಿಗಿಳಿದವು. ಇನ್ನೊಂದು ಮಾರು ಎಡಕ್ಕೆ ತೆಗೆದುಕೊಂಡಿದ್ದರೆ ಆ ಹೆಂಗಸರ ಮೇಲೆ ಹೋಗಬೇಕಿತ್ತು. ಸೇತುವೆಯ ಮೇಲೆ ನಿಧಾನ ಮಾಡಿದ್ದರಿಂದ ತುಂಬಿದ ಗಾಡಿ ನಿಂತಿತು. ಈ ಮಾತನ್ನು ಎಷ್ಟು ಸಲವಾದರೂ ಹೇಳುತ್ತೇನೆ, ಲಾರಿ ನಿಂತಿತ್ತು. ನಿಂತ ಮೇಲೆ, ಎದುರಿನ ಕಾರಿನ ಗಾಜಿನೊಳಗೆ ತೂಗಾಡುತ್ತಿದ್ದ ಹೂವಿನ ಸರ ನೋಡುವಷ್ಟು ಹೊತ್ತು ನನಗೆ ಸಿಕ್ಕಿತ್ತು. ಆಗ ಅಪ್ಪನ ಎಡಗೈ ನನ್ನ ಎದೆಗೆ ಅಡ್ಡ ಬಂದು ನನ್ನನ್ನು ಸೀಟಿಗೆ ಒತ್ತಿ ಹಿಡಿಯಿತು. ಕಾರು ಬಂದು ಗುದ್ದಿತು. ಮುಂದಕ್ಕೆ ಮುಗ್ಗರಿಸುತ್ತಾ ನಾನು ಆ ಕೈಯನ್ನೇ ಗಟ್ಟಿಯಾಗಿ ಹಿಡಿದಿದ್ದೆ. ನನ್ನ ಗಾಜಿನ ಬಳೆಗಳು ಒಡೆದು ಅವನ ಮೊಣಕೈ ಕೆಳಗೆ ಹೊಕ್ಕವು.

ಅಪ್ಪ ರಕ್ತ ಒರೆಸಿಕೊಳ್ಳದೆ ಬರಿಗಾಲಲ್ಲೇ ಜಿಗಿದ. ಕಾರಿನ ಬಾಗಿಲು ನುಜ್ಜಾಗಿತ್ತು. ಕಬ್ಬಿಣದ ರಾಡು ತಂದು, ಚೂರು ಗಾಜಿನ ಮೇಲೆ ನಿಂತು, ಬಾಗಿಲು ಮೀಟತೊಡಗಿದ. ಒಳಗಿದ್ದವನು ಒಬ್ಬನೇ, ಇನ್ನೂ ಚಿಕ್ಕ ವಯಸ್ಸು. "ಉಸಿರ್ ಅದ, ಉಸಿರ್ ಅದ," ಎಂದು ಅಪ್ಪ ಕೂಗುತ್ತಿದ್ದ. ಅಷ್ಟರಲ್ಲಿ ಹೊಲಗಳಿಂದ, ಬೈಕುಗಳಿಂದ ಮಂದಿ ಕೂಡಿದರು. ಗಾಯವಾದವನು ಹೇಗಿದ್ದಾನೆ ಎಂದು ಯಾರೂ ಕೇಳಲಿಲ್ಲ. ಮೊದಲ ಪ್ರಶ್ನೆ, "ಡ್ರೈವರ್ ಎಲ್ಯದಾನ್ಲೇ?" ಇಂಥ ಹೊತ್ತಿನಲ್ಲಿ ಡ್ರೈವರುಗಳು ಓಡಿಹೋಗುತ್ತಾರೆ, ಓಡಿದ್ದೇ ತಪ್ಪಿಗೆ ಸಾಕ್ಷಿ ಎನ್ನುತ್ತಾರೆ. ಅಪ್ಪ ಓಡದೆ ನಿಂತ. ಅದಕ್ಕೆ ಸಿಕ್ಕಿದ್ದು ಒದೆ. ಕೈಯಲ್ಲಿದ್ದ ರಾಡು ಕಸಿದು ಅದರಿಂದಲೇ ಬೆನ್ನಿಗೆ ಹೊಡೆದರು. ನಾನು ಗಂಟಲು ಹರಿಯುವಂತೆ ಅರಚುತ್ತಿದ್ದೆ. ಭತ್ತದ ಹೆಂಗಸರಲ್ಲಿ ಒಬ್ಬಾಕೆ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು. "ಸುಮ್ನಿರ್ ಯವ್ವಾ, ನಿನ್ನೂ ಬಿಡಂಗಿಲ್ಲ ಇವ್ರು," ಎಂದಳು. ಎಲ್ಲವನ್ನೂ ಕಣ್ಣಾರೆ ಕಂಡವಳು ಅವಳು.

ಆದರೆ ಪೊಲೀಸರು ಬರುವ ಹೊತ್ತಿಗೆ ಅವಳೂ ಇರಲಿಲ್ಲ, ಭತ್ತವೂ ಇರಲಿಲ್ಲ, ಕಲ್ಲುಗಳೂ ಇರಲಿಲ್ಲ. ರಸ್ತೆಯ ಮೇಲೆ ಭತ್ತ ಹರವಿದ್ದು ಗೊತ್ತಾದರೆ ಕೇಸು ತಮ್ಮ ಮೇಲೆಯೇ ಬಂದೀತೆಂದು ಗುಡಿಸಿ, ಚೀಲಕ್ಕೆ ತುಂಬಿ, ಹೊಲದ ದಾರಿ ಹಿಡಿದಿದ್ದರು. ಬಸ್ಸಿನವನು ಟೈಮಿಗೆ ಮುಟ್ಟಬೇಕೆಂದು ಅರೆಗಳಿಗೆಯೂ ನಿಂತಿರಲಿಲ್ಲ. ಉಳಿದದ್ದು ಫೋನು ಹಿಡಿದವರು. ಅವರ ವಿಡಿಯೋಗಳೆಲ್ಲ ಶುರುವಾಗುವುದು ಅಪ್ಪ ರಾಡು ಹಿಡಿದು ಕಾರಿನ ಗಾಜಿನ ಮುಂದೆ ನಿಂತಲ್ಲಿಂದ. ಕಾರಿನವನು ರಾಯಚೂರಿನ ಆಸ್ಪತ್ರೆ ಸೇರುವ ಮುಂಚೆ ತೀರಿಕೊಂಡ. ದೇವದುರ್ಗದವನು, ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಮರುದಿನದ ಪೇಪರಿನಲ್ಲಿ 'ಜವರಾಯನಂತೆ ಬಂದ ಲಾರಿ' ಎಂದು ದಪ್ಪ ಅಕ್ಷರ. ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತ ಜವರಾಯನನ್ನು ನಾನಂತೂ ಅಲ್ಲಿಯವರೆಗೆ ಕಂಡಿರಲಿಲ್ಲ.

ಪೊಲೀಸರ ಬರವಣಿಗೆಯಲ್ಲಿ 'ಅತಿವೇಗ ಮತ್ತು ಅಜಾಗರೂಕತೆ' ಎಂದಿತ್ತು. ಆ ಎರಡು ಪದಗಳು ಮೊದಲೇ ಹುಟ್ಟಿರುತ್ತವೆ, ಅಪಘಾತ ಆಮೇಲೆ ಆಗುತ್ತದೆ. ನಾನು ಠಾಣೆಗೆ ಹೋಗಿ ನಡೆದದ್ದನ್ನು ಹೇಳುತ್ತೇನೆಂದು ಹೊರಟಾಗ ಸಾವ್ಕಾರ ನನ್ನನ್ನು ಬೇವಿನ ಗಿಡದ ಕೆಳಗೆ ತಡೆದ. ಮನೆಯಲ್ಲಿ ದಖನಿ ಮಾತಾಡುವ ಮನುಷ್ಯ, ನಮ್ಮೊಡನೆ ಮಾತ್ರ ಮೆತ್ತಗಿನ ಕನ್ನಡ.

"ಬೇಟಿ, ನೀ ಲಾರ್‍ಯಾಗ ಇದ್ದೆ ಅಂದ್ರ ಪರ್ಮಿಟ್ ಮುರದಂಗ ಆಕ್ಕದ. ಇನ್ಶೂರೆನ್ಸ್‌ನೋರಿಗೆ ಅಂಥದ್ದೊಂದು ನೆವ ಸಿಕ್ರ ಸಾಕು, ಕೈ ಝಾಡಿಸ್ಕೊಂಡು ಹೋಗ್ತಾರ. ನಿಮ್ಮಪ್ಪ ಮುಳುಗ್ತಾನ, ನಾನೂ ಮುಳುಗ್ತೀನಿ. ನೀ ಅವತ್ತು ಬಸ್ಸಿಗಿ ಹೋಗಿದ್ದಿ. ಲಾರ್‍ಯಾಗ ಇರಲೇ ಇಲ್ಲ. ತಿಳೀತಾ?"

ಹೀಗೆ, ಭತ್ತದ ಹೆಂಗಸರ ಹಾಗೆ, ಬಸ್ಸಿನ ಹಾಗೆ, ನಾನೂ ಆ ರಸ್ತೆಯ ಮೇಲಿನಿಂದ ಗುಡಿಸಿ ಹಾಕಿದಂತೆ ಇಲ್ಲವಾದೆ. ನೋಡಿದವರಲ್ಲಿ ಒಬ್ಬೊಬ್ಬರಿಗೂ ಅಲ್ಲಿ ಇರದೇ ಹೋಗಲು ಒಂದೊಂದು ಕಾರಣವಿತ್ತು.

ಕೆಲವು ವಾರ ಬಿಟ್ಟು ಮಾನ್ವಿಯಲ್ಲಿ ಸಾವ್ಕಾರನ ದಲಾಲಿ ಅಂಗಡಿಯಲ್ಲಿ ಹಿರಿಯರು ಕೂತರು. ಸತ್ತವನ ಅಣ್ಣ ದೇವದುರ್ಗದಿಂದ ಬಂದಿದ್ದ, ಒಬ್ಬ ವಕೀಲರನ್ನೂ ಕರೆತಂದಿದ್ದ. ಭತ್ತದ ಚೀಲಗಳಿಗೆ ಒರಗಿ ಅಪ್ಪ ಕೂತಿದ್ದ, ಬೆನ್ನಿನ ನೋವು ಇನ್ನೂ ಇಳಿದಿರಲಿಲ್ಲ. ನಾನು ಅವನ ಪಕ್ಕದಲ್ಲಿದ್ದೆ. ಅಣ್ಣ ಮುಚ್ಚುಮರೆ ಮಾಡಲಿಲ್ಲ, ಆ ಮಟ್ಟಿಗೆ ಒಳ್ಳೆಯವನೇ.

"ನಮ್ ತಮ್ಮನೇ ಬಸ್ ದಾಟಾಕ ಹೋಗ್ಯಾನ, ನಮಗ ತಿಳದದ," ಎಂದ. "ಆದ್ರ ತಪ್ಪು ಅವಂದು ಅಂತ ಬರದ್ರ ಅವನ ಹೆಂಡ್ತಿಗಿ ಒಂದ್ ಪೈಸಾ ಬರಂಗಿಲ್ಲ. ಲಾರಿದು ಅಂತ ಬರದ್ರ ಇನ್ಶೂರೆನ್ಸ್ ಕೊಡತದ. ಅಕಿ ವಯಸ್ಸು ನೋಡ್ರಿ ಯಪ್ಪಾ. ಮುಂದ ಅಕಿ ಹೆಂಗ ಬಾಳೇವು ಮಾಡಬೇಕು?"

ವಕೀಲರು, ಸಾವ್ಕಾರ, ಎಲ್ಲರೂ ತಲೆದೂಗಿದರು. ಇದು ನಮ್ಮ ಕಡೆಯ ರೂಢಿ. ಕಂಪನಿಯವರ ರೊಕ್ಕ, ಕೆಳಗೆ ಬಿದ್ದವರ ಬದುಕು, ನಡುವೆ ಒಬ್ಬ ಡ್ರೈವರ್ ತಲೆ ಬಗ್ಗಿಸಿದರೆ ಯಾರ ಮನೆಯದೂ ಏನೂ ಹೋಗುವುದಿಲ್ಲ ಎಂಬ ಲೆಕ್ಕ. ಆ ಡ್ರೈವರಿನ ಮನೆ ಯಾವ ಲೆಕ್ಕಕ್ಕೂ ಇಲ್ಲ. ನಾನು ಬಾಯಿ ತೆರೆದೆ. ಅಪ್ಪ ನನ್ನ ಮೊಣಕಾಲು ಅದುಮಿದ.

ಚೀಲಕ್ಕೆ ಕೈಯೂರಿ ನೆಟ್ಟಗೆ ಕೂತ ಅವನು. ಆಮೇಲೆ ಹೇಳಿದ, "ಆತು. ನಂದೇ ತಪ್ಪು ಅಂತೀನಿ. ಆದ್ರ ಒಂದ್ ಮಾತು ನಡಸ್ಕೊಡ್ರಿ. ಆ ಹೆಣ್ಮಗಳಿಗಿ, ಅಕಿಗೊಬ್ಬಾಕಿಗಿ, ಖರೆ ಹೇಳ್ರಿ. ಊರು ಏನರ ಅನ್ಲಿ. ಅಕಿ ನನ್ನ ಕೊಲೆಗಾರ ಅಂತ ತಿಳ್ಕೋಬಾರದು."

"ಹೇಳ್ತೀನ್ರಿ ಯಪ್ಪಾ. ದೇವರಾಣಿ ಹೇಳ್ತೀನಿ," ಎಂದು ಅಣ್ಣ ಅಪ್ಪನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. ನನಗೆ ಆ ನೀರಿನ ಮೇಲೂ ಸಿಟ್ಟು ಬಂದಿತ್ತು, ಆದರೆ ಮಾತನ್ನು ನಂಬಿದೆ.

ಆಮೇಲೆ ನಮ್ಮ ಮನೆಯಲ್ಲಿ ಶುರುವಾದದ್ದು ಬಾಯಿಪಾಠ. ಕೋರ್ಟಿನಲ್ಲಿ ತಡವರಿಸಬಾರದೆಂದು ವಕೀಲರು ಮಾತುಗಳನ್ನು ಜೋಡಿಸಿ ಕೊಟ್ಟಿದ್ದರು. ಅಪ್ಪ ಸ್ನಾನ ಮಾಡುವಾಗ, ಗಡ್ಡ ಹೆರೆಯುವಾಗ, ಊಟಕ್ಕೆ ಕೂತಾಗ, ನನ್ನ ಶಾಲೆಯ ಮಕ್ಕಳು ಪದ್ಯ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದ. "ಜೋರಿನ್ಯಾಗ ಇದ್ದೆ. ಕಾರು ಕಂಡ್ತು. ಬ್ರೇಕ್ ತಡಾ ಹಿಡಿದೆ." ಒಲೆಯ ಮುಂದೆ ನಿಂತ ಅವ್ವ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಕೇಸು ಎಳೆದಾಡಿತು, ಬಾಯಿಪಾಠವೂ ಮುಂದುವರಿಯಿತು. ಕೊನೆಗೆ ಕಟಕಟೆಯಲ್ಲಿ ಒಂದಕ್ಷರ ತಪ್ಪದೆ ಹೇಳಿದ. ದಂಡ ಬಿತ್ತು, ಲೈಸೆನ್ಸು ಕೆಲಕಾಲ ಅಮಾನತ್ತಾಯಿತು. ಹೆಣ್ಣುಮಗಳಿಗೆ ಬರಬೇಕಾದ್ದು ಬಂತು.

ಲೈಸೆನ್ಸು ತಿರುಗಿ ಬಂದ ಮೇಲೆ ಅಪ್ಪ ಸಾವ್ಕಾರನ ಬಳಿ ಹೋದ. "ಕೇಸ್ ಆದ ಡ್ರೈವರ್‌ಗೆ ಗಾಡಿ ಕೊಟ್ರ ಮಂದಿ ಏನಂತಾರ ಭಾಯ್, ಕ್ಯಾ ಕರ್ನಾ," ಎಂದನಂತೆ ಸಾವ್ಕಾರ. ಕೇಸು ತಲೆಗೆ ಕಟ್ಟಿದವರಲ್ಲಿ ಅವನೂ ಒಬ್ಬನೆಂಬುದು ಅವನಿಗೆ ನೆನಪೇ ಇರಲಿಲ್ಲ. ಬೇರೆ ಮಾಲೀಕರೂ ಗಾಡಿ ಕೊಡಲಿಲ್ಲ. ಈಗ ಅಪ್ಪ ರಾಯಚೂರಿನ ಒಂದು ಅಕ್ಕಿ ಮಿಲ್ಲಿನ ಗೇಟು ಕಾಯುತ್ತಾನೆ. ಲಾರಿಗಳು ಹಿಂದಕ್ಕೆ ಬರುವಾಗ "ಬರ್ಲಿ, ಬರ್ಲಿ, ಎಡಕ್ಕ, ಎಡಕ್ಕ," ಎಂದು ಬಾಗಿಲಿಗೆ ತಟ್ಟುತ್ತಾ ದಾರಿ ತೋರಿಸುತ್ತಾನೆ.

ನನಗೆ ದೇವದುರ್ಗಕ್ಕೆ ವರ್ಗವಾಯಿತು. ಜಿಲ್ಲೆಯಲ್ಲಿ ಅಷ್ಟು ಊರುಗಳಿದ್ದರೂ ನನ್ನ ಹಣೆಗೆ ಆ ಊರೇ. ಅಲ್ಲಿಯ ಸ್ಟಾಫ್ ರೂಮಿನಲ್ಲಿ ಪೇಪರ್ ಬಂದರೆ ಮೊದಲು ಓದುವುದು ಅಪಘಾತದ ಸುದ್ದಿ. "ಲಾರ್‍ಯೋರಿಗೆ ಲೈಸೆನ್ಸ್ ಕೊಡ್ತಾರಲ್ಲ, ಅವರನ್ನ ಮೊದಲ ಒಳಗ ಹಾಕಬೇಕ್ರಿ," ಎನ್ನುತ್ತಿದ್ದರು ಗಣಿತದ ಮೇಷ್ಟ್ರು.

"ಕಾರಿನೋರೇ ಎದುರು ನುಗ್ಗಿದ್ರ, ಸರ್?" ಎಂದು ಒಮ್ಮೆ ಕೇಳಿದೆ.

"ನುಗ್ಗಿದ್ರೂ ದೊಡ್ಡ ಗಾಡಿ ಅಲ್ರಿ ಮೇಡಂ, ಅದಾ ನೋಡ್ಕೊಂಡು ಹೋಗಬೇಕು."

"ಹಂಗಾದ್ರ ಗಣಿತದಾಗ ನಪಾಸಾದ ಹುಡುಗರ ತಪ್ಪೆಲ್ಲ ನಿಮ್ದಾ ಅಂದಂಗಾತು ಸರ್. ದೊಡ್ಡೋರು ನೀವೇ ಅಲ್ರಿ?" ಎಂದೆ. ಅವರು ಆ ವಾರವೆಲ್ಲ ನನ್ನೊಡನೆ ಮಾತಾಡಲಿಲ್ಲ, ನನಗೇನೂ ನಷ್ಟವಾಗಲಿಲ್ಲ.

ಲಾರಿಯವರೆಲ್ಲ ಸಾಚಾ ಎಂದು ನಾನು ಹೇಳುತ್ತಿಲ್ಲ. ಕುಡಿದು ಓಡಿಸುವವರನ್ನು ಕಂಡಿದ್ದೇನೆ. ಕತ್ತಲಲ್ಲಿ ನಡುರಸ್ತೆಗೆ ಗಾಡಿ ನಿಲ್ಲಿಸಿ, ಹಿಂದೊಂದು ಕೆಂಪು ದೀಪವೂ ಹಾಕದೆ ಮಲಗುವವರನ್ನು ಕಂಡಿದ್ದೇನೆ. ಸ್ಟೇರಿಂಗಿನ ಮೇಲೆ ತೂಕಡಿಸುವವರೂ ಇದ್ದಾರೆ, ಅವರನ್ನು ತೂಕಡಿಸುವಂತೆ ದುಡಿಸುವ ಮಾಲೀಕರೂ ಇದ್ದಾರೆ. ಅವರನ್ನೆಲ್ಲ ಜೈಲಿಗೆ ಹಾಕಲಿ. ನನ್ನ ಹೊಟ್ಟೆ ಉರಿಯುವುದು ಅವರ ಪಾಪವನ್ನು ತಂದು ಬರಿಗಾಲಲ್ಲಿ ಕ್ಯಾಬಿನ್ ಹತ್ತುತ್ತಿದ್ದವನ ತಲೆಗೆ ಸುರಿದದ್ದಕ್ಕೆ.

ಆ ಹೆಣ್ಣುಮಗಳನ್ನು ದೇವದುರ್ಗದ ಬಜಾರಿನಲ್ಲಿ ಆಗಾಗ ನೋಡುತ್ತಿದ್ದೆ. ಕೋರ್ಟಿಗೆ ಬಂದಾಗ ಅಪ್ಪನ ಜೊತೆ ನನ್ನನ್ನು ಕಂಡಿದ್ದಳಾದ್ದರಿಂದ ಗುರುತು ಸಿಗುತ್ತಿತ್ತು. ನನ್ನ ಮುಖ ಕಂಡೊಡನೆ ಪಕ್ಕಕ್ಕೆ ತಿರುಗಿ ಬಳೆಯಂಗಡಿಯನ್ನೋ ತರಕಾರಿಯನ್ನೋ ನೋಡುತ್ತಾ ನಿಲ್ಲುತ್ತಿದ್ದಳು. ಪಾಪ, ಸಂಕೋಚ ಅವಳಿಗೆ, ಎಂದುಕೊಳ್ಳುತ್ತಿದ್ದೆ. ಗಂಡನ ತಪ್ಪನ್ನು ಇನ್ನೊಬ್ಬ ಹೊತ್ತುಕೊಂಡಾಗ ಅವನ ಮಗಳ ಮುಖ ಹೇಗೆ ನೋಡಿಯಾಳು? ಊರೆಲ್ಲ ಏನಂದರೂ ಇವಳೊಬ್ಬಳಿಗೆ ಗೊತ್ತಿದೆ ಎಂಬುದೇ ನನಗೊಂದು ಆಸರೆಯಾಗಿತ್ತು. ರಾಯಚೂರಿನ ಮನೆಗೆ ಬಂದು ಅಪ್ಪನಿಗೂ ಹೇಳುತ್ತಿದ್ದೆ. ಅವನು ಟವೆಲ್ಲು ಕೊಡವಿ ಗೇಟು ಕಾಯಲು ಹೋಗುತ್ತಿದ್ದ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಓಣಿಯಲ್ಲಿ ಕಾರು ನಿಂತಿತು. ಇಳಿದು ಬಂದವಳು ಅವಳೇ, ಕೈಯಲ್ಲಿ ಹಣ್ಣಿನ ಚೀಲ. ಮೈದುನನೋ ಭಾವನೋ ಯಾರಾದರೂ ಜೊತೆಗೆ ಬರುತ್ತಾರೆಂದು ನೋಡಿದೆ. ಆ ಭಾವ, ಮಾತು ಕೊಟ್ಟ ಆ ಅಣ್ಣ, ಕಾರಿನಲ್ಲೇ ಗಾಜು ಏರಿಸಿಕೊಂಡು ಕೂತಿದ್ದ. ಅಪ್ಪ ಗಡಬಡಿಸಿ ಶರ್ಟು ಹಾಕಿಕೊಂಡ. "ಬರ್ರಿ, ಬರ್ರಿ ತಾಯಿ," ಎಂದ. ಅವ್ವ ಚಾಪೆ ಹಾಸಿದಳು. ಬಂತು, ಆ ಗಳಿಗೆ ಬಂತು, ಈಗ ಅಪ್ಪನ ಕಾಲಿಗೆ ಬೀಳುತ್ತಾಳೆ ಎಂದುಕೊಂಡೆ.

ಅವಳು ಹಣ್ಣಿನ ಚೀಲ ಕೆಳಗಿಟ್ಟಳು. ಬಹಳ ಕಷ್ಟಪಟ್ಟು, ಕಲಿತುಕೊಂಡು ಬಂದವಳ ಹಾಗೆ ಹೇಳಿದಳು.

"ಇಷ್ಟು ವರ್ಷ ನಿಮಗ ದಿನಾ ಶಾಪ ಹಾಕೀನಿ. ನಿಮ್ ಮಗಳು ಬಜಾರದಾಗ ಕಂಡ್ರ ಮೈ ಉರೀತಿತ್ತು, ಮಾರಿ ನೋಡ್ತಿದ್ದಿಲ್ಲ. ಈಗ ಸಾಕಾಗೇದ. ಪ್ರವಚನದಾಗ ಸ್ವಾಮಿಗಳು ಹೇಳಿದ್ರು, ಮಾಫಿ ಮಾಡಿದ್ರ ಮನಸ್ಸು ಹಗುರ ಆಕ್ಕದ ಅಂತ. ನಿಮ್ಮನ್ನ ಮಾಫಿ ಮಾಡೀನಿ. ಇದನ್ನ ಹೇಳಾಕ ಬಂದೆ."

ನಾನು ಹೊರಗೆ ಓಡಿದೆ. ಕಾರಿನ ಗಾಜು ಬಡಿದೆ. "ಹೇಳ್ತೀನಿ ಅಂದಿದ್ರಿ! ದೇವರಾಣಿ ಅಂದಿದ್ರಿ!" ಎಂದು ಕೂಗಿದೆ. ಅವನು ಗಾಜು ಅರ್ಧ ಇಳಿಸಿದ.

"ಹೇಳಿದ್ರ ಅಕಿ ಆ ರೊಕ್ಕ ಮುಟ್ಟತಿದ್ದಿಲ್ಲ ಮೇಡಂ, ಅಂಥಾಕಿ ಅಕಿ. ಸತ್ತ ಗಂಡನ ಮ್ಯಾಲ ಅಕಿ ಯಾಕ ಸಿಟ್ಟಾಗಬೇಕು? ನಿಮ್ಮಪ್ಪನ ಮ್ಯಾಲ ಆದ್ರ…" ಎಂದವನು ಮಾತು ಮುಗಿಸಲಿಲ್ಲ. ಮುಗಿಸಬೇಕಾದ ಅಗತ್ಯವೂ ಇರಲಿಲ್ಲ.

ಒಳಗೆ ಬಂದಾಗ ಅಪ್ಪ ಅವಳ ಮುಂದೆ ಕೈ ಮುಗಿದು ನಿಂತಿದ್ದ. "ದೊಡ್ಡ ಮನಸ್ಸು ಮಾಡಿದಿ ತಾಯಿ," ಎನ್ನುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವಳು ಕಣ್ಣೊರೆಸಿಕೊಂಡು ಹೊರಟಳು. ಅವಳ ಮುಖ ನಿಜವಾಗಿಯೂ ಹಗುರವಾಗಿತ್ತು. ಕಾರು ಓಣಿ ದಾಟುವವರೆಗೆ ಅಪ್ಪ ಬಾಗಿಲಲ್ಲೇ ನಿಂತಿದ್ದ.

ನಾನು ಅವನ ಮೇಲೆ ಹರಿಹಾಯ್ದೆ. "ಎದಕ ಹೇಳಲಿಲ್ಲಪ್ಪಾ? ಅಕಿಗೊಬ್ಬಾಕಿಗಿ ಖರೆ ಗೊತ್ತಿರ್ಲಿ ಅಂತ ನೀನೇ ಅಂದಿದ್ದಿ!"

ಅಪ್ಪ ಹಣ್ಣಿನ ಚೀಲ ಎತ್ತಿ ಅವ್ವನ ಕೈಗೆ ಕೊಟ್ಟ. ಬಹಳ ದಿನದ ಮೇಲೆ ಅವನ ಮುಖದಲ್ಲೂ ಒಂದು ನೆಮ್ಮದಿ ಇತ್ತು. ಅದನ್ನು ಕಂಡು ನನಗೆ ಹೆದರಿಕೆಯಾಯಿತು.

"ಏನ್ ಹೇಳಬೇಕಿತ್ತವ್ವಾ? ಪಾಪ, ಅಷ್ಟು ದೂರದಿಂದ ಬಂದು ಮಾಫಿ ಮಾಡಿದ್ಲು. ನಾ ಸ್ವಲ್ಪ ಜೋರಿನ್ಯಾಗ ಇದ್ದೆ. ಬ್ರೇಕ್ ತಡಾ ಹಿಡಿದೆ. ಲಗೂನ ಹಿಡಿದಿದ್ರ ಅವಾ ಉಳೀತಿದ್ದ."

"ಅಪ್ಪಾ, ಲಾರಿ ನಿಂತಿತ್ತು."

ಅವನು ನನ್ನನ್ನು ಮರುಕದಿಂದ ನೋಡಿದ. ಶರ್ಟಿನ ಎಡತೋಳು ಮೇಲೆ ಸರಿಸಿ ಮೊಣಕೈಯ ಕೆಳಗೆ, ನನ್ನ ಬಳೆ ಚೂರು ಹೊಕ್ಕ ಕಲೆಯನ್ನು ಕೆರೆದುಕೊಳ್ಳುತ್ತಿದ್ದ.

"ನಿನಗ ಹೆಂಗ ಗೊತ್ತು ಯವ್ವಾ?" ಎಂದ. "ನೀ ಅವತ್ತು ಬಸ್ಸಿಗಿ ಹೋಗಿದ್ದಿಯಲ್ಲ."